ನಿಂತಿದೆ ಎಂದು ಓದಿದ ವರ್ಷಗಳು

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಮನೆ ಎಷ್ಟನೇ ಸಾಲಿನಲ್ಲಿದೆ ಎಂದು. ಕುಲ ಗೋತ್ರದ ಮಾತು ಆಮೇಲೆ. ಏಳನೆಯದೋ ಎಂಟನೆಯದೋ ಸಾಲಾದರೆ ಹುಡುಗಿಯ ಅಪ್ಪನ ದನಿ ತುಸು ಏರುತ್ತದೆ. ಒಂದನೆಯದು, ಎರಡನೆಯದು ಆದರೆ ಇಳಿಯುತ್ತದೆ. ಗುಡ್ಡ ಇರುವುದು ಊರಿನ ಪಡುವಣಕ್ಕೆ. ವರ್ಷಕ್ಕೆ ಎರಡು ಮೊಳ ಮೂಡಣಕ್ಕೆ ಬರುತ್ತದೆ. ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೂ ಅಷ್ಟೇ ಬರುತ್ತಿತ್ತಂತೆ. ಗುಡ್ಡದ ಬುಡಕ್ಕೂ ಮೊದಲನೇ ಸಾಲಿನ ಹಿತ್ತಿಲ ಗೋಡೆಗೂ ನಡುವೆ ಇಪ್ಪತ್ತು ಮೊಳಕ್ಕಿಂತ ಕಡಿಮೆಯಾದ ವರ್ಷ ಆ ಸಾಲಿನವರು ಮನೆ ಬಿಚ್ಚಿಕೊಂಡು ಊರಿನ ಮೂಡಣ ತುದಿಗೆ ಹೋಗಿ ಹೊಸ ಸಾಲು ಕಟ್ಟಿಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಬಾಗಿಲಿಗೆ, ತೊಲೆಗೆ ಮೊಳೆ ಹೊಡೆಯುತ್ತಿರಲಿಲ್ಲ. ಮರದ ಬೆಣೆ ಹಾಕುತ್ತಿದ್ದರು. ವಯಸ್ಸು ಹೇಳುವಾಗಲೂ ‘ನಾವು ಮೂರನೇ ಸಾಲಿನಲ್ಲಿದ್ದಾಗ ಹುಟ್ಟಿದವನು’ ಎನ್ನುತ್ತಾರೆ. ಸತ್ತವರನ್ನು ಗುಡ್ಡದ ಬುಡದಲ್ಲೇ ಮಣ್ಣು ಮಾಡುತ್ತೇವೆ. ನಾಲ್ಕಾರು ವರ್ಷದಲ್ಲಿ ಗುಡ್ಡ ಅವರನ್ನು ಒಳಗೆ ಕರೆದುಕೊಳ್ಳುತ್ತದೆ. ಯಾರೂ ಗುಡ್ಡವನ್ನು ಬೈದದ್ದನ್ನು ನಾನು ಕೇಳಿಲ್ಲ.

ನನ್ನ ಹೆಸರು ದಾಕ್ಷಾಯಣಿ. ಪುರಸಭೆಯಲ್ಲಿ ಅಳತೆಯ ಕೆಲಸ. ಇದು ನನ್ನ ಅಪ್ಪ ಮಾಡುತ್ತಿದ್ದ ಕೆಲಸ. ಅಪ್ಪ ಕಾಮಾಲೆಯಲ್ಲಿ ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ನನಗೆ ಬಂತು. ಆಗ ನನಗೆ ಹತ್ತೊಂಬತ್ತು. ಪುರಸಭೆಯ ಮುಂದೆ ಒಂದು ಅಳತೆಗಲ್ಲು ನೆಟ್ಟಿದ್ದಾರೆ. ಅಲ್ಲಿಂದ ಗುಡ್ಡದ ಬುಡದವರೆಗೆ ಸರಪಳಿ ಎಳೆದು ಎಷ್ಟು ಮೊಳ ಉಳಿದಿದೆ ಎಂದು ಬರೆದುಕೊಳ್ಳಬೇಕು. ಯುಗಾದಿಯ ಮೂರನೇ ದಿನ ಬೆಳಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಅದನ್ನು ಊರಿಗೆಲ್ಲ ಕೇಳುವಂತೆ ಓದಬೇಕು. ಹೆಣ್ಣುಮಗಳು ಹಿತ್ತಿಲು ಹಿತ್ತಿಲು ನುಗ್ಗಿ ಸರಪಳಿ ಎಳೆದಾಳೇ ಎಂದು ಕಚೇರಿಯ ಹಿರಿಯರು ತಕರಾರು ತೆಗೆದಿದ್ದರು. ಆಗ ಪುರಸಭೆಯ ಅಧ್ಯಕ್ಷರಾಗಿದ್ದವರು ತಿಪ್ಪೇರುದ್ರಪ್ಪ. ಗುಡ್ಡವೇನು ಅಳೆಯುವವರು ಗಂಡೋ ಹೆಣ್ಣೋ ಕೇಳಿಕೊಂಡು ಬರುತ್ತದೆಯೇ ಎಂದು ಒಂದೇ ಮಾತು ಹೇಳಿ ಆದೇಶಕ್ಕೆ ಸಹಿ ಹಾಕಿದರು. ಈ ಕಥೆ ಅವರದು.

ಊರಿಗೆಲ್ಲ ಅವರು ರುದ್ರಣ್ಣ. ಗಾರೆ ಕೆಲಸದವರ ಮಗ. ಮಾತಾಡುವಾಗ ಪಕ್ಕದಲ್ಲಿ ಯಾವ ಗೋಡೆ ಇದ್ದರೂ ಅದರ ಮೇಲೆ ಅಂಗೈ ಇಟ್ಟುಕೊಳ್ಳುವುದು ಅವರ ಅಭ್ಯಾಸ, ಸಂದು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವವರ ಹಾಗೆ. ಅವರು ರಾಜಕೀಯಕ್ಕೆ ಬಂದದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ. ನಾನು ಆಗ ಆರು ವರ್ಷದವಳು, ಆದರೂ ನೆನಪಿದೆ. ಆ ವರ್ಷ ಮೊದಲನೇ ಸಾಲು ಖಾಲಿಯಾಗಬೇಕಿತ್ತು. ಜನ ಮನೆ ಬಿಚ್ಚಿ ಗಾಡಿಗೆ ಹೇರಿಕೊಂಡು ಮೂಡಣಕ್ಕೆ ಹೋದರೆ ಅಲ್ಲಿ ಅವರ ಜಾಗದಲ್ಲಿ ಆಗಿನ ಅಧ್ಯಕ್ಷರ ನಂಟರು ಆಗಲೇ ಪಾಯ ತೋಡಿದ್ದರು. ಹಿಂದಕ್ಕೆ ಹೋಗುವಂತಿಲ್ಲ, ಮುಂದೆ ಜಾಗವಿಲ್ಲ. ರುದ್ರಣ್ಣನದೂ ಅದೇ ಸಾಲು, ಅವರ ನೆರೆಮನೆಯ, ಪಾತ್ರೆಗೆ ಕಲಾಯಿ ಹಾಕುವ ಖಾಸೀಮ್ ಸಾಬರದೂ ಅದೇ ಸಾಲು. ಇಬ್ಬರೂ ತಮ್ಮ ಮನೆಯ ಬಾಗಿಲುಗಳನ್ನು ಚೌಕಟ್ಟು ಸಮೇತ ಹೊತ್ತು ತಂದು ಪುರಸಭೆಯ ಮುಂದಿನ ಬಯಲಲ್ಲಿ ನಿಲ್ಲಿಸಿ, ಒಳಗೆ ಹೆಂಡತಿ ಮಕ್ಕಳನ್ನು ಕೂರಿಸಿದರು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಬಾಗಿಲು ನಿಂತವು. ಗೋಡೆ ಇಲ್ಲ, ಸೂರಿಲ್ಲ, ಬರೀ ಬಾಗಿಲು. ಹೆಂಗಸರು ಬೆಳಗ್ಗೆ ಹೊಸ್ತಿಲು ತೊಳೆದು ರಂಗೋಲಿ ಹಾಕುತ್ತಿದ್ದರು. ಪೊಲೀಸರು ಬಂದಾಗ ಖಾಸೀಮ್ ಸಾಬರು, ಬಾಗಿಲು ತಟ್ಟಿ ಬನ್ನಿ, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದರಂತೆ. ಅವರು ನಿಜಕ್ಕೂ ತಟ್ಟಿ ಬಂದರು. ಹತ್ತೊಂಬತ್ತು ದಿನ ಹೀಗೆ ನಡೆಯಿತು. ಇಪ್ಪತ್ತನೇ ದಿನ ಜಾಗ ಸಿಕ್ಕಿತು. ಮುಂದಿನ ಚುನಾವಣೆಯಲ್ಲಿ ರುದ್ರಣ್ಣ ಪುರಸಭೆಗೆ ಆರಿಸಿ ಬಂದರು.

ಅವರು ಒಳ್ಳೆಯ ಅಧ್ಯಕ್ಷರಾಗಿದ್ದರು. ಇದನ್ನು ಮೊದಲೇ ಹೇಳಬೇಕು, ಮುಂದೆ ನಡೆದದ್ದನ್ನು ಕೇಳಿದವರು ಇದನ್ನು ನಂಬುವುದಿಲ್ಲ. ಯಾರ ಮನೆ ಎಷ್ಟನೇ ಸಾಲು, ಯಾವ ಮನೆಯ ತೊಲೆಗೆ ಗೆದ್ದಲು ಹಿಡಿದಿದೆ, ಯಾವ ಮುದುಕಿಗೆ ಮನೆ ಬಿಚ್ಚಿಕೊಡಲು ಗಂಡುಮಕ್ಕಳಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಸಾಲು ಖಾಲಿಯಾಗುವ ವಾರ ಅವರೇ ಅಂಗಿ ಕಳಚಿ ಹೆಗಲಿಗೆ ತೊಲೆ ಕೊಡುತ್ತಿದ್ದರು. ಹೊಸ ಸಾಲಿನ ಜಾಗ ಹಂಚುವಾಗ ಅವರ ಸ್ವಂತ ಅಕ್ಕನಿಗೆ ಮೂಲೆಯ ಜಾಗ ಬಂದು, ಆಕೆ ಎರಡು ವರ್ಷ ತಮ್ಮನ ಮನೆಗೆ ಕಾಲಿಡಲಿಲ್ಲ. ಮುಂದೆ ಶಾಸಕರಾದರು. ಎರಡನೇ ಸಲ ಗೆದ್ದಾಗ ರೇಷ್ಮೆ ಖಾತೆಯ ಮಂತ್ರಿಯೂ ಆದರು. ನಮ್ಮ ಊರಿನಲ್ಲಿ ಒಂದು ಹಿಪ್ಪುನೇರಳೆ ಗಿಡವೂ ಇಲ್ಲ ಎಂದು ಜನ ನಕ್ಕರು, ಅವರೂ ನಕ್ಕರು. ಆಗಲೂ ರಾತ್ರಿಯ ಊಟಕ್ಕೆ ಮನೆಗೆ ಬಂದರೆ ಹೆಂಡತಿ ನೀಲಮ್ಮನ ಪಕ್ಕ ಕೂತು ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಆಕೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ.

ಅವರು ಮಂತ್ರಿಯಾದ ವರ್ಷವೇ ಗೋಡೆಯ ಮಾತು ಬಂದದ್ದು. ರಾಜಧಾನಿಯಿಂದ ಇಂಜಿನಿಯರುಗಳು ಬಂದು ಗುಡ್ಡಕ್ಕೆ ಅಡ್ಡಲಾಗಿ ಎಂಟು ಮೊಳ ದಪ್ಪದ ಕಲ್ಲುಗೋಡೆ ಕಟ್ಟಿದರೆ ನಿಲ್ಲುತ್ತದೆ ಎಂದರು. ಊರಿನ ಹಿರಿಯರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರುದ್ರಣ್ಣ ಮನೆ ಮನೆಗೆ ಹೋಗಿ ಕೇಳಿಕೊಂಡರು. ಆ ವರ್ಷ ಖಾಸೀಮ್ ಸಾಬರ ಸಾಲು ಮತ್ತೆ ಮೊದಲನೆಯದಾಗಿತ್ತು. ಮೂಡಣದ ತಮ್ಮ ಜಾಗವನ್ನು ಅವರು ಮಗಳ ಮದುವೆಯ ಕಾಲಕ್ಕೆ ಒಬ್ಬ ನೆಂಟನೊಡನೆ ಅದಲುಬದಲು ಮಾಡಿಕೊಂಡು ಹಿಂದಕ್ಕೆ ಬಂದಿದ್ದರು. ಗುಡ್ಡದ ಬುಡಕ್ಕೂ ಅವರ ಹಿತ್ತಿಲಿಗೂ ಇಪ್ಪತ್ತಾರು ಮೊಳವಿತ್ತು. ಅವರೇ ಮೊದಲ ಕಲ್ಲು ಹೊತ್ತರು. ಊರಿಗೆ ಊರೇ ಕಲ್ಲು ಹೊತ್ತಿತು. ಹದಿನಾಲ್ಕು ತಿಂಗಳಿಗೆ ಗೋಡೆ ಮುಗಿಯಿತು.

ಗುಡ್ಡ ನಿಂತಿತು. ನಾನು ಅಳೆದೆ, ಒಂದು ಬೆರಳೂ ಬಂದಿರಲಿಲ್ಲ. ಎರಡನೇ ವರ್ಷವೂ ಬರಲಿಲ್ಲ. ಮೂರನೇ ವರ್ಷದ ಯುಗಾದಿಗೆ ಮೆಟ್ಟಿಲ ಮೇಲೆ ನಿಂತು ‘ನಿಂತಿದೆ’ ಎಂದು ನಾನು ಓದಿದಾಗ ಮುದುಕರು ಅತ್ತರು. ಊರಿನಲ್ಲಿ ಮೊದಲ ಸಲ ಕಬ್ಬಿಣದ ಮೊಳೆ ಮಾರುವ ಅಂಗಡಿ ಬಂತು. ಜನ ಹುಣಸೆ ಗಿಡ ನೆಟ್ಟರು; ಅದುವರೆಗೆ ಹುಣಸೆ ಫಲ ಕೊಡುವಷ್ಟು ಕಾಲ ಒಂದೇ ಕಡೆ ಇದ್ದವರು ಯಾರೂ ಇರಲಿಲ್ಲ. ಮಹಡಿ ಏರಿದವು. ಗೋಡೆಗೂ ಮೊದಲ ಸಾಲಿಗೂ ನಡುವೆ ಉಳಿದ ಹದಿನಾರು ಮೊಳದ ಓಣಿಯಲ್ಲಿ ಕೊಟ್ಟಿಗೆ, ಬಚ್ಚಲು, ಅಡುಗೆಮನೆ ಎದ್ದವು. ಖಾಸೀಮ್ ಸಾಬರು ಅಲ್ಲೇ ತಮ್ಮ ಕಲಾಯಿ ಕುಲುಮೆಯ ಶೆಡ್ಡು ಕಟ್ಟಿಕೊಂಡರು. ಮೂಡಣದಲ್ಲಿ ಮುಂದಿನ ಸಾಲುಗಳಿಗೆಂದು ತಲೆಮಾರುಗಳಿಂದ ಬಿಟ್ಟಿದ್ದ ಬಯಲು ಇನ್ನು ಯಾಕೆ ಎಂದು ಅಲ್ಲಿ ಕಾಲೇಜು ಬಂತು, ಬಸ್ಸಿನ ಡಿಪೋ ಬಂತು. ಕಾಲೇಜಿಗೆ ರುದ್ರಣ್ಣನ ತಾಯಿಯ ಹೆಸರಿಟ್ಟರು. ಸರಕಾರದ ಆದೇಶವೂ ಬಂತು: ಇನ್ನು ಅಳತೆಗಲ್ಲಿನಿಂದ ಎಳೆಯುವುದು ಬೇಡ, ಗುಡ್ಡಕ್ಕೂ ಗೋಡೆಗೂ ನಡುವಿನ ಅಂತರ ನೋಡಿದರೆ ಸಾಕು. ಮೊದಲ ಏಳು ವರ್ಷ ನಾನು ಓದಿದ್ದೆಲ್ಲ ನಿಜ. ಅಳತೆ ಓದಿ ಕೆಳಗಿಳಿದರೆ ಹೆಂಗಸರು ನನ್ನ ಕೈಗೆ ಬೆಲ್ಲ ಇಡುತ್ತಿದ್ದರು. ಅಪ್ಪ ಅಷ್ಟು ವರ್ಷ ಓದಿದಾಗ ಒಬ್ಬರೂ ಅವನಿಗೆ ಬೆಲ್ಲ ಕೊಟ್ಟಿರಲಿಲ್ಲ.

ಎಂಟನೇ ವರ್ಷ ಸರಪಳಿಯ ಕೊಂಡಿ ಸರಿ ಇದೆಯೋ ಇಲ್ಲವೋ ನೋಡಲು ಸುಮ್ಮನೆ ಹಳೆಯ ರೀತಿಯಲ್ಲಿ ಕಲ್ಲಿನಿಂದ ಎಳೆದೆ. ಎರಡು ಮೊಳ ಕಡಿಮೆ ಬಂತು. ಮತ್ತೆ ಎಳೆದೆ. ಅಷ್ಟೇ ಬಂತು. ಗುಡ್ಡಕ್ಕೂ ಗೋಡೆಗೂ ನಡುವಿನ ಅಂತರ ಮೊದಲಿನಷ್ಟೇ ಇತ್ತು. ಗೋಡೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಅದು ಗುಡ್ಡದ ಜೊತೆ ಬರುತ್ತಿತ್ತು.

ರುದ್ರಣ್ಣ ಆ ಭಾನುವಾರ ಊರಿನಲ್ಲಿದ್ದರು. ನಾನು ಹೋದಾಗ ರೊಟ್ಟಿ ತಿನ್ನುತ್ತಿದ್ದರು. ಕೇಳಿ ಅರ್ಧಕ್ಕೇ ಕೈ ತೊಳೆದು, ನೀನು ತಪ್ಪು ಅಳೆದಿರಬೇಕು, ನಡಿ, ಎಂದು ಜೊತೆಗೆ ಬಂದರು. ಸರಪಳಿಯ ತುದಿ ಅವರೇ ಹಿಡಿದರು. ದಾರಿಯಲ್ಲಿ ನೋಡಿದವರು ಮಂತ್ರಿಗಳು ಹಳೇ ಕೆಲಸ ಮರೆತಿಲ್ಲ ಎಂದು ಖುಷಿಪಟ್ಟರು. ಗೋಡೆಯ ಹತ್ತಿರ ಕೊನೆಯ ಕೊಂಡಿ ಬಿದ್ದಾಗ ಅವರು ಲೆಕ್ಕ ಕೇಳಲಿಲ್ಲ. ಅವರಿಗೇ ಕಂಡಿತ್ತು. ಗೋಡೆಯ ಮೇಲೆ ಅಂಗೈ ಇಟ್ಟರು.

“ಈಗ ಹೇಳಿದ್ರೆ ಮೊದಲನೇ ಸಾಲಿನೋರು ಎಲ್ಲಿಗೆ ಹೋಗ್ಬೇಕು ತಂಗಿ?” ಎಂದರು. “ಮೂಡಣದಲ್ಲಿ ನಾನು ಜಾಗ ಎಲ್ಲಿ ಉಳಿಸೀನಿ? ಒಂದು ವರ್ಷ ಕೊಡು. ಜಾಗ ಹುಡುಕಿ ನಾನೇ ಹೇಳ್ತೀನಿ.”

ಕೊಟ್ಟೆ. ಅವರು ಹುಡುಕಲಿಲ್ಲ ಎಂದು ನಾನು ಹೇಳಲಾರೆ. ರಾಜಧಾನಿಯ ಕಚೇರಿಗಳಿಗೆ ಅವರು ಬರೆದ ಅರ್ಜಿಗಳ ನಕಲು ನಾನು ನೋಡಿದ್ದೇನೆ. ಕಾಲೇಜು ಎತ್ತಲಾಗದು, ಡಿಪೋ ಎತ್ತಲಾಗದು, ಅದರಾಚೆಯ ನೆಲ ಅರಣ್ಯದ್ದು. ಎರಡನೇ ಗೋಡೆಗೆ ಮಂಜೂರಾತಿ ಕೇಳಿದರು; ಮೊದಲನೆಯದು ನಿಂತಿದೆಯಲ್ಲ, ಎರಡನೆಯದು ಯಾಕೆ ಎಂದು ಕಡತ ಹಿಂದಕ್ಕೆ ಬಂತು. ನಿಂತಿಲ್ಲ ಎಂದು ಬರೆಯಲು ಅವರ ಕೈ ಬರಲಿಲ್ಲ. ಮತ್ತೊಂದು ಚುನಾವಣೆ ಬಂತು, ಗೋಡೆಯ ಹೆಸರಿನಲ್ಲೇ ಗೆದ್ದರು. ಪ್ರತಿ ವರ್ಷ ಯುಗಾದಿಗೆ ಮುಂಚೆ ನಾನು ಹೋಗಿ ಅಳತೆ ಹೇಳುತ್ತಿದ್ದೆ, ಅವರು ಇನ್ನೊಂದು ವರ್ಷ ಕೇಳುತ್ತಿದ್ದರು. ನಾಲ್ಕು ವರ್ಷ ನಾನು ‘ನಿಂತಿದೆ’ ಎಂದು ಓದಿದೆ. ನನ್ನನ್ನು ಯಾರೂ ಹೆದರಿಸಲಿಲ್ಲ. ಅವರು ನನಗೆ ಕೆಲಸ ಕೊಡಿಸಿದವರು, ಅವರ ಮೇಲೆ ನನಗೆ ಅಣ್ಣನ ಮೇಲಿನಂಥ ಅಭಿಮಾನವಿತ್ತು, ಅದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ. ಮೆಟ್ಟಿಲ ಮೇಲೆ ನಿಂತಾಗ ಅಷ್ಟು ಮುಖಗಳು ನನ್ನ ಬಾಯಿಯನ್ನೇ ನೋಡುತ್ತಿರುತ್ತಿದ್ದವು. ಒಳ್ಳೆಯ ಸುದ್ದಿ ಹೇಳುವವಳಾಗಿ ಇರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಗೋಡೆಯ ಪಕ್ಕದ ಓಣಿ ಕಿರಿದಾಗುತ್ತಿರುವುದು ಯಾರಿಗೂ ಕಾಣಲಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಕಾಣುತ್ತಿತ್ತು. ಮೊದಲು ಎತ್ತಿನ ಗಾಡಿ ಹೋಗುತ್ತಿದ್ದಲ್ಲಿ ತಳ್ಳುಗಾಡಿ ಮಾತ್ರ ಹೋಗತೊಡಗಿತು. ಜನ ತಳ್ಳುಗಾಡಿ ತಂದುಕೊಂಡರು. ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆಯದಾದಾಗ ಅದನ್ನು ಒಳಮುಖವಾಗಿ ತಿರುಗಿಸಿ ಹಾಕಿಕೊಂಡರು. ಮಹಡಿ ಕಟ್ಟಿದವರಿಗೆ, ಹುಣಸೆ ನೆಟ್ಟವರಿಗೆ ಆ ಕಡೆ ನೋಡುವ ಮನಸ್ಸಿರಲಿಲ್ಲ. ಕೇಳಿದವರು ಒಬ್ಬರೇ.

ಅವತ್ತು ದೀಪಾವಳಿಯ ವಾರ. ನಾನು ಹಬ್ಬದ ಪಾತ್ರೆಗಳನ್ನು ಕಲಾಯಿಗೆ ಕೊಟ್ಟಿದ್ದೆ, ತೆಗೆದುಕೊಳ್ಳಲು ಹೋದೆ. ಖಾಸೀಮ್ ಸಾಬರಿಗೆ ಆಗ ಎಪ್ಪತ್ತು ದಾಟಿತ್ತು. ಪಾತ್ರೆಯೊಳಗೆ ಬಟ್ಟೆ ತಿರುಗಿಸುತ್ತ, ತಲೆ ಎತ್ತದೆ, “ಮಗಳೇ, ಗೋಡೆ ಹತ್ತಿರ ಬಂದಂಗೆ ಕಾಣ್ತದೆ. ನೀನು ಅಳೆಯೋಳು, ನಿನ್ನನ್ನೇ ಕೇಳ್ತೀನಿ. ಬಂದದೋ, ಇಲ್ಲ ನನ್ನ ಕಣ್ಣು ಹೋಗ್ಯಾವೋ?” ಎಂದರು.

“ಕಣ್ಣು ತೋರಿಸ್ಕೊಳ್ಳಿ ಚಾಚಾ” ಎಂದೆ.

ಅವರು ನನ್ನನ್ನು ನಂಬಿದರು. ಮಾರನೇ ತಿಂಗಳು ರುದ್ರಣ್ಣನ ಹೆಸರಿನಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದರು. ಶಿವರಾತ್ರಿಗೆ ನಾಲ್ಕು ದಿನ ಮುಂಚೆ, ಮಧ್ಯಾಹ್ನ, ಅವರು ಕುಲುಮೆಯ ಮುಂದೆ ಕೂತಿದ್ದಾಗ ಕಲ್ಲುಗೋಡೆ ಶೆಡ್ಡಿನ ಹಿಂಬದಿಗೆ ಒತ್ತಿ ಶೆಡ್ಡು ಒಳಕ್ಕೆ ಬಿತ್ತು. ಜನ ಇಟ್ಟಿಗೆ ಎತ್ತಿ ಅವರನ್ನು ಹೊರಗೆ ತೆಗೆದಾಗ ಜೀವ ಹೋಗಿತ್ತು. ಕನ್ನಡಕ ಮೂಗಿನ ಮೇಲೆಯೇ ಇತ್ತು, ಒಡೆದಿರಲಿಲ್ಲ.

ರುದ್ರಣ್ಣ ರಾಜಧಾನಿಯಿಂದ ಸಂಜೆಯೊಳಗೆ ಬಂದರು. ಜನಾಜಾಕ್ಕೆ ಹೆಗಲು ಕೊಟ್ಟರು. ಬಾಗಿಲು ನಿಲ್ಲಿಸಿದ ದಿನಗಳಲ್ಲಿ ಹತ್ತೊಂಬತ್ತು ದಿನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು.  ಆದರೆ ಅಂದೂ ಅವರು ಹೇಳಲಿಲ್ಲ. ಪತ್ರಿಕೆಯವರು ಕೇಳಿದಾಗ ಶೆಡ್ಡು ಹಳೆಯದಾಗಿತ್ತು, ಮಣ್ಣಿನ ಇಟ್ಟಿಗೆ, ನೆನೆದಿತ್ತು ಎಂದರು. ನಾನು ಅವರ ಹಿಂದೆಯೇ ನಿಂತಿದ್ದೆ. ನಾನೂ ಹೇಳಲಿಲ್ಲ.

ಯುಗಾದಿಗೆ ತಿಂಗಳ ಮೇಲೆ ಐದಾರು ದಿನವಿತ್ತು, ಚುನಾವಣೆಗೆ ಮೂರು ತಿಂಗಳು. ಆ ದಿನಗಳಲ್ಲಿ ಅವರು ಊರಿಗೆ ಬರಲಿಲ್ಲ. ಅಳತೆ ಹೇಳಲು ಈ ಸಲ ನಾನೂ ಹೋಗಲಿಲ್ಲ. ಯುಗಾದಿಯ ಮೂರನೇ ದಿನ ಬೆಳಗ್ಗೆ ನನ್ನ ಕೈಯಲ್ಲಿ ಎರಡು ಚೀಟಿ ಇದ್ದವು, ಒಂದರಲ್ಲಿ ನಿಜ, ಇನ್ನೊಂದರಲ್ಲಿ ಸುಳ್ಳು. ಯಾವುದನ್ನು ಓದುತ್ತಿದ್ದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೆಟ್ಟಿಲು ಏರುವಾಗ ರುದ್ರಣ್ಣನ ಕಾರು ಬಂತು. ಅವರು ಇಳಿದು ನೇರ ನನ್ನ ಹತ್ತಿರ ಬಂದು, ಕೊಡು, ಎಂದು ಕೈ ಚಾಚಿದರು. ನಿಜದ ಚೀಟಿಯನ್ನು ಕೊಟ್ಟೆ. ಅವರು ಅದನ್ನು ನೋಡಿ ಓದಲಿಲ್ಲ. ಬಾಯಿಪಾಠವಾಗಿತ್ತು.

ಎಂಟನೇ ವರ್ಷ ಎರಡು ಮೊಳ, ಒಂಬತ್ತನೇ ವರ್ಷ ನಾಲ್ಕು, ಹತ್ತನೇ ವರ್ಷ ಆರು, ಹನ್ನೊಂದನೇ ವರ್ಷ ಎಂಟು, ಈ ವರ್ಷ ಹತ್ತು ಎಂದು ಒಂದೊಂದಾಗಿ ಹೇಳಿದರು. ಗೋಡೆ ನಿಂತಿಲ್ಲ, ನನಗೆ ಗೊತ್ತಿತ್ತು, ಖಾಸೀಮನನ್ನು ಕೊಂದದ್ದು ಇಟ್ಟಿಗೆಯಲ್ಲ ಎಂದರು. ಯಾರೋ ನನ್ನ ಕಡೆ ಬೆರಳು ತೋರಿಸಿ, ಹಾಗಾದರೆ ಇವಳು ಇಷ್ಟು ವರ್ಷ ಓದಿದ್ದೇನು ಎಂದು ಕೇಳಿದರು. ರುದ್ರಣ್ಣ ನನ್ನ ಮುಂದೆ ಬಂದು ನಿಂತರು.

“ಆಕೆ ಸರಕಾರದ ಆದೇಶದಂತೆ ಗುಡ್ಡಕ್ಕೂ ಗೋಡೆಗೂ ಅಳೆದಳು, ಅದನ್ನೇ ಓದಿದಳು. ಕಲ್ಲಿನಿಂದ ಅಳೆಸಿದ್ದು ನಾನು, ಹೊರಗಿನೋರನ್ನ ಕರೆಸಿ. ಆಕೆಗೆ ಏನೂ ಗೊತ್ತಿಲ್ಲ.”

ಅವರು ಊರಿನ ಮುಂದೆ ಆಡಿದ ಕೊನೆಯ ಮಾತು ಅದು. ನಾನು ಬಾಯಿ ತೆರೆಯಬೇಕಿತ್ತು. ಹೆಂಗಸೊಬ್ಬಳು ನನ್ನ ಹೆಗಲ ಮೇಲೆ ಕೈಯಿಟ್ಟು, ಪಾಪ, ಇವಳಿಗೂ ಮೋಸ ಮಾಡಿದನಲ್ಲ ಎಂದಳು. ಆ ಕೈ ಬೆಚ್ಚಗಿತ್ತು. ನಾನು ಸುಮ್ಮನಿದ್ದೆ.

ಜನ ಕಲ್ಲು ಹೊಡೆಯಲಿಲ್ಲ. ಕೂಗಲೂ ಇಲ್ಲ. ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಮನೆಗೆ ಹೋಗಿ ಬಾಗಿಲ ಮೊಳೆ ಕೀಳಲು ಶುರುಮಾಡಿದರು. ಮೊಳೆ ಹೊಡೆದ ಬಾಗಿಲು ಸುಮ್ಮನೆ ಬರುವುದಿಲ್ಲ, ಸೀಳುತ್ತದೆ. ಆ ವಾರವಿಡೀ ಊರಿನಲ್ಲಿ ಮರ ಸೀಳುವ ಸದ್ದು. ರುದ್ರಣ್ಣ ರಾಜೀನಾಮೆ ಕಳಿಸಿ, ಪದವಿ ಇಲ್ಲದ ಮನುಷ್ಯನಾಗಿ ರಾಜಧಾನಿಗೆ ಹೋಗಿ ನಾಲ್ಕು ತಿಂಗಳು ಕಚೇರಿಗಳ ಜಗಲಿಯಲ್ಲಿ ಕೂತರು. ನಿನ್ನೆಯವರೆಗೆ ಎದ್ದು ನಿಲ್ಲುತ್ತಿದ್ದ ಗುಮಾಸ್ತರು ಅವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರಂತೆ. ಕೊನೆಗೆ ಕಾಲೇಜಿನ ನೆಲ ಬಿಡಿಸಿಕೊಂಡೇ ಬಂದರು. ತಾಯಿಯ ಹೆಸರಿದ್ದ ಕಟ್ಟಡವನ್ನು ಕೆಡವುವಾಗ ಕಲ್ಲು ಬಿಡಿಸಲು ಅವರೂ ಬಂದರು. ಅರವತ್ತೈದು ವಯಸ್ಸು. ಯಾರೂ ಬೇಡ ಅನ್ನಲಿಲ್ಲ. ಮಧ್ಯಾಹ್ನ ನೀರಿನ ಕೊಡ ಸುತ್ತು ಬರುವಾಗ ಅವರನ್ನು ದಾಟಿ ಮುಂದೆ ಹೋಗುತ್ತಿತ್ತು. ನೀಲಮ್ಮ ಮನೆಯಿಂದ ಚೊಂಬು ತಂದು ಕೊಡುತ್ತಿದ್ದಳು.

ಮೊದಲನೇ ಸಾಲು ಮೂಡಣಕ್ಕೆ ಹೋಯಿತು. ಆ ಮಳೆಗಾಲದಲ್ಲೇ ಪುರಸಭೆ ಸೇರಿ, ತಿಪ್ಪೇರುದ್ರಪ್ಪನವರ ಮನೆತನಕ್ಕೆ ಮೂಡಣದಲ್ಲಿ ಎಂದೆಂದಿಗೂ ಜಾಗ ಕೊಡತಕ್ಕದ್ದಲ್ಲ ಎಂದು ಠರಾವು ಮಾಡಿತು. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವರನ್ನು ಕರೆಸಿ ಓದಿ ಹೇಳಿದರು. ಅವರು ಪುಸ್ತಕ ತರಿಸಿಕೊಂಡು ಒಪ್ಪಿಗೆಯ ಸಹಿ ಹಾಕಿದರು. ಗೋಡೆ ಎದ್ದ ವರ್ಷ ಅವರೂ ಮೂಡಣದ ಮನೆಯನ್ನು ಅದಲುಬದಲು ಮಾಡಿಕೊಂಡು ಎರಡನೇ ಸಾಲಿಗೆ ಬಂದಿದ್ದರು, ಗುಡ್ಡ ಅಲ್ಲಿಗೆ ಬರಲು ಇನ್ನೂ ಹದಿನೈದು ವರ್ಷ ಬೇಕಿತ್ತು. ಅಷ್ಟರಲ್ಲಿ ನಾವಿಬ್ಬರೂ ಹೋಗಿರುತ್ತೇವೆ ಬಿಡು ಎಂದು ಹೆಂಡತಿಗೆ ಹೇಳಿದರಂತೆ. ಅವರ ಲೆಕ್ಕ ಅರ್ಧ ಸರಿಯಾಯಿತು.

ಆ ಹದಿನೈದು ವರ್ಷ ನಾನು ಊರಿನ ಮರ್ಯಾದಸ್ಥೆಯಾಗಿ ಬದುಕಿದೆ. ಮೋಸ ಹೋದವಳು ಎಂಬ ಕನಿಕರದಿಂದ ಶುರುವಾದದ್ದು ನಿಧಾನಕ್ಕೆ ಗೌರವವಾಯಿತು. ಪ್ರತಿ ಯುಗಾದಿಗೆ ಕಲ್ಲಿನಿಂದ ಅಳೆದು ಬೆರಳಿನಷ್ಟೂ ಬಿಡದೆ ಓದಿದೆ. ರುದ್ರಣ್ಣ ಗಾರೆ ಕೆಲಸಕ್ಕೆ ವಾಪಸಾಗಿದ್ದರು. ಕರೆಯುವವರು ಕಡಿಮೆ, ಆದರೂ ಇದ್ದರು. ಬೀದಿಯಲ್ಲಿ ಎದುರಾದರೆ ನನಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿಯುತ್ತಿದ್ದರು, ಗುರುತಿನವರ ಹಾಗಲ್ಲ, ಕಚೇರಿಯವರಿಗೆ ಮಾಡುವ ಹಾಗೆ. ಒಂದು ಸಲ ಮಾತ್ರ ನಾನು ತಡೆಯಲಾರದೆ, ಅಣ್ಣಾ, ನಾನು ಹೇಳಿಬಿಡುತ್ತೇನೆ ಎಂದೆ. ಅವರು ಸುತ್ತ ನೋಡಿ, ಇನ್ನು ಹೇಳಿದರೆ ಊರಿಗೆ ಅಳತೆಯ ಮೇಲೇ ನಂಬಿಕೆ ಹೋಗುತ್ತದೆ, ಬೇಡ ಎಂದರು. ಅದು ಅವರ ವಿಚಾರವಾಗಿತ್ತು. ನನಗೆ ಅದು ಅನುಕೂಲವಾಗಿತ್ತು, ಒಪ್ಪಿಕೊಂಡೆ. ಹೋದ ಶ್ರಾವಣದಲ್ಲಿ ಎಪ್ಪತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡರು. ಗುಡ್ಡದ ಬುಡಕ್ಕೆ ಹೊತ್ತು ಹೋಗಲು ಆರು ಜನ ಬಂದಿದ್ದರು.

ಈ ಮಾಘದಲ್ಲಿ ಅಳೆದಾಗ ಎರಡನೇ ಸಾಲಿಗೆ, ಅಂದರೆ ಈಗಿನ ಮೊದಲನೇ ಸಾಲಿಗೆ, ಹತ್ತೊಂಬತ್ತು ಮೊಳ ಉಳಿದಿತ್ತು. ಇಪ್ಪತ್ತನಾಲ್ಕು ಮನೆಗೆ ಜಾಗ ಹಂಚಬೇಕು. ನೀಲಮ್ಮನದು ಇಪ್ಪತ್ತೈದನೆಯದು. ಸಭೆಯಲ್ಲಿ ಗುಮಾಸ್ತ ಹಳೆಯ ಠರಾವನ್ನು ಓದಿದ. ಗಂಡ ಮಾಡಿದ್ದಕ್ಕೆ ಎಪ್ಪತ್ತೈದು ವರ್ಷದ ಹೆಂಗಸು ಎಲ್ಲಿಗೆ ಹೋಗಬೇಕು ಎಂದು ಕೆಲವರು ಕೇಳಿದರು. ಠರಾವು ಅಂದರೆ ಠರಾವು, ಗೋಡೆಯಡಿ ಸತ್ತ ಖಾಸೀಮ್ ಸಾಬರಿಗೂ ಹೆಂಡತಿ ಇದ್ದಳಲ್ಲ ಎಂದು ಇನ್ನು ಕೆಲವರು. ಅಧ್ಯಕ್ಷರ ಕುರ್ಚಿಯಲ್ಲಿ ಖೈರುನ್ನೀಸಾ ಕೂತಿದ್ದಳು. ಖಾಸೀಮ್ ಸಾಬರ ಕಿರಿಯ ಮಗಳು. ಅಪ್ಪ ಸತ್ತಾಗ ಇಪ್ಪತ್ತೆರಡು ವರ್ಷದವಳು, ಹೊಲಿಗೆ ಕಲಿಯುತ್ತಿದ್ದಳು. ಆಕೆ ಎರಡೂ ಕಡೆಯವರನ್ನು ಕೇಳುತ್ತಿದ್ದಳು. ನಾನು ಅಳತೆಯ ಪಟ್ಟಿ ಕೊಡಲು ಒಳಗೆ ಹೋಗಿದ್ದೆ. ಕೊಟ್ಟು ಹೊರಗೆ ಬರಬಹುದಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಒಂದು ಮಾತು ಹೇಳಬೇಕು ಎಂದು ಅಪ್ಪಣೆ ಕೇಳಿದೆ. ಖೈರುನ್ನೀಸಾ ತಲೆಯಾಡಿಸಿದಳು.

“ಹೊರಗಿನೋರು ಯಾರೂ ಬಂದಿರಲಿಲ್ಲ. ಕಲ್ಲಿನಿಂದ ಅಳೆದೋಳು ನಾನೇ. ಗೋಡೆ ಸರಿದ ಮೊದಲನೇ ವರ್ಷದಿಂದ ನನಗೆ ಗೊತ್ತಿತ್ತು. ರುದ್ರಣ್ಣ ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ್ರು.” ಆಮೇಲೆ ಖೈರುನ್ನೀಸಾಳ ಕಡೆ ತಿರುಗಿದೆ. “ನಿಮ್ಮ ಅಪ್ಪ ನನ್ನನ್ನ ಕೇಳಿದ್ರು, ಗೋಡೆ ಹತ್ತಿರ ಬಂದದಾ ಅಂತ. ಕಣ್ಣು ತೋರಿಸ್ಕೊಳ್ಳಿ ಅಂದೆ.”

 ಖೈರುನ್ನೀಸಾ ತನ್ನ ಮುಂದಿದ್ದ ಪಟ್ಟಿಯನ್ನೇ ನೋಡುತ್ತಿದ್ದಳು.

“ಯಾವಾಗ ಕೇಳಿದ್ದು?” ಎಂದಳು.

“ದೀಪಾವಳಿ ವಾರ.”

“ಅವರು ಹೋಗಿದ್ದು ಶಿವರಾತ್ರಿ ಹತ್ತಿರ” ಎಂದಳು. ಆಮೇಲೆ, ತನಗೇ ಹೇಳಿಕೊಳ್ಳುವವಳ ಹಾಗೆ, “ನಾಲ್ಕು ತಿಂಗಳು” ಎಂದಳು.

ಪೆನ್ನು ತೆಗೆದುಕೊಂಡು ಪಟ್ಟಿಯ ಕೊನೆಯಲ್ಲಿ, ಇಪ್ಪತ್ತೈದನೇ ಸಂಖ್ಯೆ ಹಾಕಿ, ನೀಲಮ್ಮ ಕೋಂ ತಿಪ್ಪೇರುದ್ರಪ್ಪ ಎಂದು ತಾನೇ ಬರೆದಳು. ಒಬ್ಬ ಸದಸ್ಯ ಠರಾವಿನ ಮಾತು ಎತ್ತಲು ಹೋದ, ಆಕೆ ಅವನ ಕಡೆ ನೋಡಿದಳು, ಅವನು ಕೂತುಕೊಂಡ. ನನ್ನ ಕಡೆ ನೋಡದೆ, “ನೀವಿನ್ನು ಹೊರಗೆ ಹೋಗಿ” ಎಂದಳು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಸರಪಳಿಯನ್ನು ಮಾರನೇ ದಿನ ಬೇರೆಯವರಿಗೆ ಕೊಟ್ಟರು. ನಾನೀಗ ಜನನ ಮರಣದ ದಾಖಲೆ ಬರೆಯುತ್ತೇನೆ. ಬೀದಿಯಲ್ಲಿ ಕೆಲವರು ಮಾತಾಡಿಸುತ್ತಾರೆ, ಕೆಲವರು ಇಲ್ಲ. ಖೈರುನ್ನೀಸಾ ಆ ದಿನದಿಂದ ನನ್ನೊಂದಿಗೆ ಮಾತಾಡಿಲ್ಲ. ಅದು ಸರಿಯೇ ಎಂದುಕೊಂಡಿದ್ದೇನೆ.

ಸಭೆಯಿಂದ ಹೊರಬಿದ್ದವಳು ನೇರ ನೀಲಮ್ಮನ ಮನೆಗೆ ಹೋದೆ. ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಜಾಗ ಸಿಗುವುದಿಲ್ಲ ಎಂದು ಗೊತ್ತಿದ್ದೂ ಆಕೆ ಸಾಮಾನು ಕಟ್ಟುತ್ತಿದ್ದಳು. ಕೌದಿಗಳನ್ನು ಮಡಚಿ ಹಗ್ಗ ಬಿಗಿದು ಅಂಗಳದಲ್ಲಿ ಇಟ್ಟಿದ್ದಳು. ಜಾಗ ಸಿಕ್ಕಿದ್ದನ್ನು ಮೊದಲು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ, ಸಭೆಯಲ್ಲಿ ಹೇಳಿದ ಕ್ರಮದಲ್ಲೇ. ಆಕೆ ಕೆಲಸ ನಿಲ್ಲಿಸದೆ ಕೇಳಿದಳು.

“ಗೊತ್ತಿತ್ತು” ಎಂದಳು. “ಗೋಡೆ ಅಳೆದ ದಿನ ಅರ್ಧ ರೊಟ್ಟಿ ಬಿಟ್ಟು ನಿನ್ನ ಜೊತೆ ಎದ್ದು ಹೋದೋರಲ್ಲವಾ. ನನ್ನ ಮುಂದೇನೇ ಹೋದ್ರು.”

“ತಪ್ಪಾಯ್ತು ಅಕ್ಕ” ಎಂದೆ.

“ಅವರು ಇದ್ದಾಗ ಹೇಳ್ಬೇಕಿತ್ತು ನೀನು. ಬೇಡ ಅಂದ್ರೂ ಹೇಳ್ಬೇಕಿತ್ತು. ಒಂದು ಚೊಂಬು ನೀರು ಕೊಡೋರು ಇರಲಿಲ್ಲ ಅವರಿಗೆ.” ದನಿ ಏರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಕೂತುಕೋ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿದ್ದ ಒರಳುಕಲ್ಲಿನ ಸುತ್ತ ಮಣ್ಣು ಬಿಡಿಸತೊಡಗಿದಳು. ಬಿಡಿಸಿ ಆದಮೇಲೆ ಬಗ್ಗಿ ಎತ್ತಲು ನೋಡಿದಳು. ಅದು ಅಲುಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

“ಅಲ್ಲಿ ಯಾಕೆ ನಿಂತೀಯ?” ಎಂದಳು. “ಆ ಕಡೆಯಿಂದ ಹಿಡಿ.”

ನಾನು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದೆ.